ಬೆರಳು ಎಣಿಸುವವನು

“ಐದು ಬೆರಳು ಎಣ್ಸಾಕೂ ಇಷ್ಟೊತ್ತು ಬೇಕೇನ್ಲಾ ಭೀಮಾ? ಅದ್ಕೇ ಕಣ್ಲಾ ಮೇಷ್ಟ್ರು ಏಳನೇ ಕ್ಲಾಸಿಗೇ ಕೈಮುಗಿದು ಕಳಿಸಿದ್ದು!” ಹೊಳೆನರಸೀಪುರದ ತೆಂಗಿನಕಾಯಿ ಮಂಡಿಯ ಮಾಲೀಕ ಪುಟ್ಟರಾಜು ಹಾಗೆಂದದ್ದೇ ತಡ, ಕಾಯಿ ಸುಲಿಯುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು.

ಸುಲಿಯುವುದು ಬಿಟ್ಟು ಬೆರಳು ಎಣಿಸುತ್ತ ನಿಂತಿದ್ದ ಭೀಮನ ಮೈ ಉರಿಯಿತು. ಕನಸಿನಲ್ಲಿ ಬೆರಳು ಎಣಿಸಿದರೆ ಐದಿರದೆ ಲೆಕ್ಕ ತಪ್ಪುತ್ತದಂತೆ, ಹಗಲೆಲ್ಲ ಎಣಿಸಿ ರೂಢಿಯಾದರೆ ಕನಸಿನಲ್ಲೂ ಎಣಿಸಿ ಅದು ಕನಸೆಂದು ತಿಳಿಯಬಹುದಂತೆ. ಮೊಬೈಲಿನ ವಿಡಿಯೋ ಒಂದರಲ್ಲಿ ಹೇಳಿದ್ದರು. ಮಲಗುವಾಗಲೂ ‘ಇವತ್ತು ಎಣಿಸ್ತೀನಿ, ಎಣಿಸ್ತೀನಿ’ ಎಂದುಕೊಂಡೇ ಕಣ್ಣು ಮುಚ್ಚುತ್ತಿದ್ದ. ತೀರಿಹೋದ ಅವ್ವ ಕನಸಿಗೆ ಬಂದು ಮುದ್ದೆ ಇಕ್ಕುತ್ತಾಳೆ. ಬದುಕಿದ್ದಾಳೆಂದೇ ನಂಬಿ ಅವನು ಉಂಡು ಎದ್ದು ಹೋಗಿಬಿಡುತ್ತಾನೆ. ಕನಸೆಂದು ಗೊತ್ತಾದರೆ ಒಂದೇ ಒಂದು ಸಲ ಕೂತು ಮಾತಾಡಬಹುದಿತ್ತು. ನಿನ್ನೆ ರಾತ್ರಿ ಕನಸಿನಲ್ಲೇ ನೆನಪಾಗಿ ಕೈ ನೋಡಿಕೊಂಡರೆ, ಬೆರಳೆಲ್ಲ ಮುದ್ದೆ ಮುರಿಯುತ್ತಾ ಸಾರಿನಲ್ಲಿ ಮುಳುಗಿದ್ದವು. ಎತ್ತಿ ಎಣಿಸುವಷ್ಟರಲ್ಲಿ ಎಚ್ಚರವಾಗಿಹೋಯಿತು.

“ಕೊಡ್ಲಾ ಇಲ್ಲಿ, ನಾನೇ ಲೆಕ್ಕ ಕಲುಸ್ತೀನಿ,” ಎಂದು ಪುಟ್ಟರಾಜು ಅವನ ಕೈ ಹಿಡಿದು, ಒಂದೊಂದೇ ಬೆರಳು ಮಡಚುತ್ತ ಎಲ್ಲರಿಗೂ ಕೇಳುವಂತೆ ಎಣಿಸಿದ. “ನೋಡ್ಲಾ, ಸರಿಯಾಗಿ ಐದೇ ಅವೆ!”

ಐದೇ. ಅಂದರೆ ಇದು ಕನಸಲ್ಲ. ಮನೆಗೆ ಹೋದರೆ ಅವ್ವ ಇರುವುದಿಲ್ಲ. ಭೀಮ ಕೈ ಕಿತ್ತುಕೊಂಡು ಮಂಡಿಯಿಂದ ಹೊರನಡೆದ.