ಹತ್ತಕ್ಕೆ ಮೂರು

ವಾರಕ್ಕೆರಡು ಸಲ ಮನೆಗೆ ಬಂದು ನೋಡಿಕೊಳ್ಳುವ ನರ್ಸ್ ರೆಹಾನಾಗೆ ಆ ಮನೆಯಲ್ಲಿ ಒಂದೇ ತಲೆನೋವು: ನೋವು ಎಷ್ಟಿದೆ ಅಂತ ಅಂಕಿಯಲ್ಲಿ ಹೇಳಿಸುವುದು. ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಿದ್ದರೆ ಹತ್ತು ಅಂತ ಮೊದಲ ದಿನವೇ ಬಿಡಿಸಿ ಹೇಳಿದ್ದಳು. ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಸರ್ವಮಂಗಳಾ ಮೇಡಂಗೆ ಅದು ಅರ್ಥವಾಗದೆ ಇರುತ್ತದೆಯೇ?

ಇವತ್ತು ಬಚ್ಚಲಿಗೆ ಗೋಡೆ ಹಿಡಿದು ಹೋಗಿ ಬರುವಷ್ಟರಲ್ಲಿ ಮೇಡಂ ಬೆವತು ಒದ್ದೆಯಾಗಿದ್ದರು. ಬಲಮಂಡಿ ಸುಲಿದ ತೆಂಗಿನಕಾಯಿಯಷ್ಟು ಊದಿತ್ತು.

"ನೋವು ಹತ್ತಕ್ಕೆ ಎಷ್ಟು ಮೇಡಂ?"

"ಮೂರು."

"ಹೋದ್ಸಲಾನೂ ಮೂರೇ ಅಂದ್ರಿ."

"ಈ ಸಲಾನೂ ಮೂರೇ. ಬರ್ಕೋ."

"ರಾತ್ರಿಯೆಲ್ಲ ಅಳ್ತಿದ್ರಿ ಅಂತ ನಿಮ್ಮ ಸೊಸೆ ಹೇಳಿದ್ರು."

"ಅತ್ತಿದ್ದು ನಾನು. ನೀನು ಮಾರ್ಕು ಕೇಳ್ತಿರೋದು ನೋವಿಂದು."

ರೆಹಾನಾ ಪೆನ್ನು ಕೆಳಗಿಟ್ಟಳು. "ನೋಡಿ ಮೇಡಂ, ನೀವು ಹೀಗೆ ಮೂರು ಮೂರು ಅಂತಿದ್ರೆ ಡಾಕ್ಟ್ರು ಮಾತ್ರೆ ಹೆಚ್ಚು ಮಾಡೋದೇ ಇಲ್ಲ. ಒಂದ್ಸಲ ನಿಜ ಹೇಳಿಬಿಡಿ. ಎಂಟಾ, ಒಂಬತ್ತಾ?"

ಮೇಡಂ ಕನ್ನಡಕ ಮೇಲೇರಿಸಿಕೊಂಡು ತಮ್ಮ ಮಂಡಿಯನ್ನೇ ದುರುಗುಟ್ಟಿ ನೋಡಿದರು.

"ಮಾತ್ರೆ ಎಷ್ಟು ಬೇಕಾದ್ರೂ ಬರೆಸು, ನುಂಗ್ತೀನಿ. ಮಾರ್ಕು ಮಾತ್ರ ಜಾಸ್ತಿ ಹಾಕಲ್ಲ. ನಾಲ್ಕು ಕೊಟ್ರೆ ಈ ದರಿದ್ರದ್ದು ಪಾಸಾಗಿ, ಮುಂದಿನ ಕ್ಲಾಸು ಅಂತ ಸೊಂಟಕ್ಕೆ ಹತ್ತಿ ಕೂರುತ್ತೆ!"