ನಾನೂರ ಹದಿಮೂರನೆಯವನು

ಬೆಳಗ್ಗೆ ಹನ್ನೊಂದಕ್ಕೆ ಹವಾಮಾನ ಬದಲಾವಣೆಯ ಕುರಿತ ಹೊಸ ಪುಸ್ತಕದ ಕರಡು ತಿದ್ದುವುದು ಮುಗಿಯಿತು. ಕೊನೆಯ ಪುಟದ ಲೆಕ್ಕ: ಈ ಊರಿನಲ್ಲಿ ಬಿಸಿಗಾಳಿಗೆ ಸತ್ತವರು ನಾನೂರ ಹನ್ನೆರಡು. ಮರಣಪತ್ರದಲ್ಲಿ ಬಿಸಿಲಾಘಾತ ಎಂದಿದ್ದರಷ್ಟೇ ಲೆಕ್ಕಕ್ಕೆ ಸೇರುವುದು ಎಂಬುದು ಲೇಖಕಿಯ ನಿಯಮ. ಇಷ್ಟು ವರ್ಷಗಳಲ್ಲಿ ಅವಳ ಒಂದು ಅಂಕಿಯನ್ನೂ ಯಾರೂ ಅಲ್ಲಗಳೆದಿರಲಿಲ್ಲ.

ಎದುರಿಗೆ ಕೂತಿದ್ದ ತಂಗಿ ಆ ಪುಟದ ಮೇಲೆ ಅಂಗೈ ಊರಿದಳು. ಅವಳ ಗಂಡ ಕಳೆದ ಬೇಸಿಗೆಯಲ್ಲಿ, ಮಟಮಟ ಮಧ್ಯಾಹ್ನ, ತಾರಸಿಗೆ ಡಾಂಬರು ಬಳಿಯುತ್ತಲೇ ಕುಸಿದು ಸತ್ತಿದ್ದ.

"ಅಕ್ಕಾ, ಒಂದೇ ಒಂದು ಸೇರ್ಸು. ನಾನೂರ ಹದಿಮೂರು ಮಾಡು."

"ಆಸ್ಪತ್ರೆಯವರು ಹೃದಯಾಘಾತ ಅಂತ ಬರೆದಿದಾರೆ ಕಣೇ. ನಾನೇನು ಮಾಡ್ಲಿ?"

"ನಿನ್ನ ಭಾಷಣದಲ್ಲಿ ಮಾತ್ರ ಅವರು ಬಿಸಿಲಿಗೇ ಸಾಯ್ತಾರಲ್ಲ? ಊರೂರು ತಿರುಗಿ ನಮ್ಮನೆಯವರನ್ನ ಸಾಯಿಸಿ ಚಪ್ಪಾಳೆ ಗಿಟ್ಟಿಸ್ಕೊಂಡೆ. ಪುಸ್ತಕಕ್ಕೆ ಬಂದ ತಕ್ಷಣ ಹೃದಯಾನಾ? ಯಾವುದಾದ್ರೂ ಒಂದು ಇಟ್ಕೋ."

ತಂಗಿ ಹಿಡಿದ ತಪ್ಪು ತಪ್ಪೇ ಆಗಿತ್ತು. ಲೇಖಕಿ ಕೆಂಪು ಪೆನ್ನಿನ ಮುಚ್ಚಳ ತೆಗೆದಳು. ಅದನ್ನು ಕಂಡು ತಂಗಿ ಪುಟದ ಮೇಲಿಂದ ಕೈ ಎತ್ತಿ ಜಾಗ ಬಿಟ್ಟಳು.

"ನೀನು ಹೇಳಿದ್ದು ಸರಿ," ಎಂದ ಲೇಖಕಿ, ಚೀಲದಿಂದ ಸಂಜೆಯ ಭಾಷಣದ ಹಾಳೆ ತೆಗೆದು, ತಂಗಿಯ ಗಂಡ ಸತ್ತ ಮೊದಲ ಪ್ಯಾರಾವನ್ನು ಹೊಡೆದುಹಾಕಿದಳು.

ಆ ಸಂಜೆ ಭಾಷಣ ಕರಗುತ್ತಿರುವ ಹಿಮನದಿಯಿಂದ ಶುರುವಾಯಿತು.