ದುಂಡು ಕೂಸಿನ ಬಹುಮಾನ

“ಏನ್ರಬೇ ಇವು? ಇಂಥಾ ಕೂಸು ತಂದೀರಿ?” ಹೆಲ್ತ್ ಇನ್ಸ್‌ಪೆಕ್ಟರ್ ಈಶಪ್ಪ ಆಸ್ಪತ್ರೆ ಅಂಗಳದ ಪೆಂಡಾಲಿನ ಬಾಗಿಲಲ್ಲೇ ಹೆಂಗಸರನ್ನು ತಡೆದ. “ಇವತ್ತ ವಿಶ್ವ ಆರೋಗ್ಯ ದಿನ. ಮಕ್ಕಳ ವರ್ಷ ಬ್ಯಾರೆ. ಆರೋಗ್ಯವಂತ ಶಿಶು ಸ್ಪರ್ಧಾ ಐತಿ ಅಂತ ಜೀಪಿಗೆ ಮೈಕ್ ಕಟ್ಟಿ ಊರೂರು ಒದರಿ ಬಂದೀನಿ. ಆರೋಗ್ಯವಂತ! ಕಿವಿ ಇಲ್ಲೇನು ನಿಮಗ?”

ಕಿವಿ ಇದ್ದವು. ಜಿಲ್ಲೆಯಿಂದ ದೊಡ್ಡ ಡಾಕ್ಟರು ಬರುತ್ತಾರೆಂದು ಅದೇ ಮೈಕು ಹೇಳಿದ್ದನ್ನೂ ಅವರು ಕೇಳಿದ್ದರು. ದುಂಡಗಿನ ಕೂಸನ್ನು ಯಾವ ತಾಯಿಯಾದರೂ ಅಷ್ಟು ಮಂದಿಯ ಕಣ್ಣಿಗೆ ಒಡ್ಡುತ್ತಾಳೆಯೇ? ಅಂಥವನ್ನು ಗಲ್ಲಕ್ಕೆ ಕಾಡಿಗೆ ಹಚ್ಚಿ ಮನೆಯಲ್ಲೇ ಅತ್ತೆಯ ಮಡಿಲಿಗೆ ಹಾಕಿ ಬಂದಿದ್ದರು. ಡಾಕ್ಟರಿಗೆ ತೋರಿಸಬೇಕಾದವನ್ನಷ್ಟೇ ಎತ್ತಿಕೊಂಡು ಕುಕನೂರಿನ ಬಸ್ಸು ಹತ್ತಿದ್ದರು. ಕೆಮ್ಮುವವು, ಕಿವಿ ಸೋರುವವು, ಹೊಟ್ಟೆ ಉಬ್ಬಿ ಕಾಲು ಕಡ್ಡಿಯಾದವು. ಎಲ್ಲವೂ ಬಿಸಿಲಿಗೆ ಕಿರುಚುತ್ತಿದ್ದವು. ಹುಲಗೆಮ್ಮನ ಮಗನೊಬ್ಬ ಮಾತ್ರ ಸುಮ್ಮನಿದ್ದ. ನಿನ್ನೆಯಿಂದ ವಾಂತಿಭೇದಿ. ಅತ್ತಿದ್ದರೆ ಅವಳಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಬಾಯಿ ತೆರೆಯುತ್ತಿದ್ದ, ಅಳು ಹೊರಡುತ್ತಿರಲಿಲ್ಲ. ಎದೆಗೆ ಹಚ್ಚಿಕೊಂಡರೆ ತುಟಿ ಜಾರುತ್ತಿತ್ತು.

“ನಮಗ ಸ್ಪರ್ಧಾ ಬ್ಯಾಡ್ರಿ ಅಣ್ಣಾರ. ಡಾಕ್ಟರ್ ಒಂದೀಟು ನೋಡ್ಲಿ ಸಾಕು.”

“ಇವತ್ತ ಯಾರನ್ನೂ ನೋಡಂಗಿಲ್ಲ. ಇವತ್ತ ಆರೋಗ್ಯ ದಿನ. ಸೋಮವಾರ ಬಾ.”

ಹಾಗೆಂದನೇ ಹೊರತು ಅವನ ಸಂಕಟ ಅವನಿಗೆ. ಒಳಗೆ ಸಿಸ್ಟರುಗಳು ಸ್ವಾಗತಗೀತೆ ಶುರುಮಾಡಿದ್ದರು, ಸ್ಪರ್ಧೆಗೆ ಒಂದು ಕೂಸೂ ಇರಲಿಲ್ಲ. ಅಷ್ಟರಲ್ಲಿ ಹುಲಗೆಮ್ಮನ ಹಿಂದೆ ನಿಂತಿದ್ದ ಮೈಮುನಬಿಯ ಸೆರಗಿನಿಂದ ಒಂದು ಕಾಲು ಹೊರಚಾಚಿದ್ದು ಕಂಡಿತು. ಮಡಿಕೆ ಬಿದ್ದ, ಬೆಣ್ಣೆಯಂಥ ಕಾಲು. ಪಕ್ಕದ ಮನೆಯ ಹುಲಗೆಮ್ಮನಿಗೆ ಜೊತೆಯಾಗಿ ಬಂದಿದ್ದಳು ಮೈಮುನಬಿ. ಮೊಲೆಯುಣ್ಣುವ ಮಗಳನ್ನು ಬಿಟ್ಟು ಬರಲಾಗದೆ ಸೆರಗಿನಲ್ಲಿ ಮುಚ್ಚಿ ತಂದಿದ್ದಳು. ಹಡೆದ ಎರಡು ಮಣ್ಣಾದ ಮೇಲೆ ಉಳಿದ ಮಗಳು.

“ಏ ಯವ್ವಾ, ಅದನ್ನ ಹೊರಗ ತಗಿ! ಫಸ್ಟ್ ಪ್ರೈಜ್ ನಿಂದ!”

“ಒಲ್ಲೆ.” ಅವಳು ಸೆರಗು ಬಿಗಿ ಮಾಡಿದಳು. “ಮಂದಿ ಕಣ್ಣಿಗೆ ಹಾಕಾಕ ಹಡದಿಲ್ಲ ನಾ.”

ಎರಡನ್ನು ಮಣ್ಣು ಮಾಡಿದವಳನ್ನು ಹುಲಗೆಮ್ಮ ಕೇಳುವುದಾದರೂ ಹೇಗೆ? ಮಗನ ಒಣಗಿದ ತುಟಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಮೈಮುನಬಿ ಆ ತುಟಿಗಳನ್ನೇ ನೋಡುತ್ತ ನಿಂತಳು.

“ಬಂದೆ ಅಂದ್ರ ಈಕಿ ಕೂಸಿನ್ನ ಡಾಕ್ಟರ್ ನೋಡ್ತಾರೇನು?”

“ನೋಡ್ತಾರ, ನೋಡ್ತಾರ! ನಾ ಅದೀನಲ್ಲ!” ಎಂದ ಈಶಪ್ಪ, ಅವಳನ್ನು ವೇದಿಕೆಯ ಕಡೆಗೆ ನೂಕುತ್ತ.

ದೀಪ ಹಚ್ಚಿದರು, ಗಾಳಿಗೆ ಆರಿತು, ಮತ್ತೆ ಹಚ್ಚಿದರು. ಹಾರ ಹಾಕಿದವರಿಗೆ ಹಾಕಿಸಿಕೊಂಡವರು ತಿರುಗಿ ಹಾಕಿದರು. ಮಗುವೇ ದೇಶದ ಸಂಪತ್ತು ಎಂದು ಒಬ್ಬರು ಹೇಳಿ ಕೂತರೆ, ಹಿಂದಿನವರು ಹೇಳಿದಂತೆ ಮಗುವೇ ದೇಶದ ಸಂಪತ್ತು ಎಂದು ಇನ್ನೊಬ್ಬರು ಎದ್ದರು. ಕೆಳಗೆ ಮಣ್ಣಲ್ಲಿ ಕುಳಿತ ಹುಲಗೆಮ್ಮನ ಮಡಿಲಲ್ಲಿ ದೇಶದ ಸಂಪತ್ತಿನ ಕಣ್ಣು ಒಳಗೊಳಗೆ ಇಳಿಯುತ್ತಿತ್ತು. ಕಡೆಗೊಮ್ಮೆ ಮೈಮುನಬಿಯ ಮಗಳನ್ನು ತೂಗಿ, ಹಾಲಿನ ಪುಡಿಯ ಡಬ್ಬಿಯನ್ನು ತಾಯಿಯ ಕಂಕುಳಿಗೆ ತುರುಕಿದರು. ಮಂದಿ ಚಪ್ಪಾಳೆ ತಟ್ಟಿದಾಗ ಅವಳು ಕೂಸಿನ ಮುಖವನ್ನು ಎದೆಗೆ ಒತ್ತಿಕೊಂಡಳು. ಆಗಲೇ ಹೊರಗೆ ದೊಡ್ಡ ಡಾಕ್ಟರನ್ನು ಒಯ್ಯಬೇಕಾದ ಜೀಪು ಶುರುವಾದ ಸದ್ದು ಕೇಳಿತು. ಕುಷ್ಟಗಿಯಲ್ಲೂ ಒಂದು ಆರೋಗ್ಯ ದಿನ ಕಾಯುತ್ತಿತ್ತು.

ಫೋಟೋದವನು ಸಜ್ಜಾದ. ದೊಡ್ಡ ಡಾಕ್ಟರು ನಗುತ್ತ ಕೂಸಿಗೆ ಕೈ ಚಾಚಿದರು. ಮೈಮುನಬಿ ಹಿಂದೆ ಸರಿದಳು.

“ಮೊದಲ ಆಕಿ ಕೂಸಿನ್ನ ನೋಡ್ರಿ ಸಾಹೇಬ್ರ. ಆಮ್ಯಾಲೆ ಇದನ್ನ ಎತ್ಗೋರಿ.”

ಎದುರಿಗಿದ್ದ ಮೈಕು ಆ ಮಾತನ್ನು ಊರಿಗೆಲ್ಲ ಹೇಳಿತು. ಈಶಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ: “ಏ, ಫೋಟೋ ಮುಗೀಲಿ!”

“ನಿಮ್ಮ ಫೋಟೋ ಏನ್ ಸಾಯಂಗಿಲ್ಲ. ಆ ಕೂಸು ಸಾಯ್ತೈತಿ.”

ಹುಲಗೆಮ್ಮ ಯಾರನ್ನೂ ಕೇಳದೆ ವೇದಿಕೆ ಹತ್ತಿ, ಚಾಚಿದ್ದ ಆ ಕೈಗಳಿಗೆ ತನ್ನ ಮಗನನ್ನು ಇಟ್ಟಳು. ಡಾಕ್ಟರು ಕೂಸಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟರು. ಅದು ಮಡಿಕೆಯಾಗಿ ಹಾಗೇ ನಿಂತಿತು. ಆ ದಿನ ಮೊದಲ ಸಲ ಅವರ ಮುಖ ಡಾಕ್ಟರ ಮುಖವಾಯಿತು.

“ಇಷ್ಟೊತ್ತು ಯಾಕ ಕೂಡ್ರಿಸಿದ್ರಿ ಇದನ್ನ? ಈಗಿಂದೀಗ ಸಲಾಯಿನ್ ಹಚ್ಚಬೇಕು. ಸಿಸ್ಟರ್, ಒಳಗ ಒಯ್ದು ಮಂಚದ ಮ್ಯಾಲೆ ಮಲಗಸ್ರಿ.”

ಸಿಸ್ಟರ್ ಕದಲಲಿಲ್ಲ. “ಒಳಗ ಮಂಚ ಇಲ್ರಿ ಸರ್.”

“ಆರು ಮಂಚದ ಆಸ್ಪತ್ರಿ ಅಂತ ಅಧ್ಯಕ್ಷರು ಈಗರ ಹೇಳಿದ್ರಲ್ಲ?”

“ಆರೂ ಅದಾವ್ರಿ...”

ಅವಳು ಈಶಪ್ಪನನ್ನು ನೋಡಿದಳು. ಈಶಪ್ಪ ತನ್ನ ಕಾಲ ಕೆಳಗೆ ನೋಡಿದ. ವೇದಿಕೆಗೆ ಹಾಸಿದ ಜಮಖಾನೆಯ ಅಂಚು ಸರಿದಲ್ಲಿ ಹಲಗೆ, ಹಲಗೆಯ ಕೆಳಗೆ ಬಿಳಿ ಬಣ್ಣದ ಕಬ್ಬಿಣದ ಕಾಲು, ಅದಕ್ಕೆ ತಂತಿಯಲ್ಲಿ ಕಟ್ಟಿದ ಮಂಚದ ನಂಬರು. ಕುರ್ಚಿಗಳ ಮೇಲಿದ್ದ ಗಣ್ಯರೂ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಆದರೆ ಏಳಲಿಲ್ಲ. ಅಧ್ಯಕ್ಷರು ಏಳದೆ ಉಳಿದವರು ಏಳುವಂತಿರಲಿಲ್ಲ, ವಂದನಾರ್ಪಣೆ ಆಗದೆ ಅಧ್ಯಕ್ಷರು ಏಳುವಂತಿರಲಿಲ್ಲ.

ಹುಲಗೆಮ್ಮ ಮಗನನ್ನು ತಿರುಗಿ ಎತ್ತಿಕೊಂಡು ಅಧ್ಯಕ್ಷರ ಮುಂದೆ ಹೋಗಿ ನಿಂತಳು.

“ಇಳೀರಿ,” ಎಂದಳು. “ನನ್ನ ಕೂಸು ಮಲಗಬೇಕು.”